ಹಳೆಯ ಸ್ವಿಫ್ಟ್ ಇನ್ನೆಷ್ಟು ವರ್ಷ ಓಡುತ್ತದೆ? ಸೆಕೆಂಡ್ ಹ್ಯಾಂಡ್ ಸಣ್ಣ ಕಾರಿನ ಆಯುಷ್ಯ ಅಳೆಯುವ ಬಗೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದು "ಎಷ್ಟು ಕಿಲೋಮೀಟರ್ ಓಡಿದೆ?" ಆಮೇಲೆ "ಎಷ್ಟನೇ ಓನರ್?" ಎರಡಕ್ಕೂ ಮಾರುವವರ ನಾಲಿಗೆ ತುದಿಯಲ್ಲೇ ಉತ್ತರ ಇರುತ್ತದೆ. ತಡವರಿಸುವಂತೆ ಮಾಡುವ ಪ್ರಶ್ನೆಗಳು ಬೇರೆ ಇವೆ. ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ, ಬಿಲ್ ಎಲ್ಲಿ? ರೇಡಿಯೇಟರಿಗೆ ಕೂಲಂಟ್ ಹಾಕಿಸಿದಿರಾ, ನಲ್ಲಿ ನೀರು ಸುರಿದಿರಾ? ಲಕ್ಷ ಕಿ.ಮೀ. ಓಡಿದ್ದರೂ ವರ್ಷಕ್ಕೊಮ್ಮೆ ತಪ್ಪದೆ ಹೊಸ ಆಯಿಲ್ ಕಂಡ ಗಾಡಿ, ನಲವತ್ತು ಸಾವಿರ ಓಡಿ ಮೂರು ವರ್ಷ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ತಿಂದ ಗಾಡಿಗಿಂತ ಮೇಲು. ಕೆಳಗಿನದೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿದೆ: ಮಾಡೆಲ್ ನೋಡಿ ಗಾಡಿ ಹುಡುಕಿ, ಆದರೆ ಅದರ ಚಾಕರಿ ಹೇಗೆ ನಡೆದಿದೆ ಎಂಬುದನ್ನು ನೋಡಿ ಕೊಳ್ಳಿ.

ಉದಾಹರಣೆಗೆ ಎರಡನೇ ತಲೆಮಾರಿನ ಮಾರುತಿ ಸ್ವಿಫ್ಟ್ ಪೆಟ್ರೋಲನ್ನು ಇಟ್ಟುಕೊಳ್ಳೋಣ. 2011ರ ಆಗಸ್ಟ್‌ನಲ್ಲಿ ಬಂದು, 2018ರ ಫೆಬ್ರುವರಿಯಲ್ಲಿ ಹೊಸ ಸ್ವಿಫ್ಟ್ ಬರುವವರೆಗೆ ಮಾರಾಟವಾದದ್ದು. ರಾಜ್ಯದ ಯಾವ ತಾಲ್ಲೂಕು ಕೇಂದ್ರದಲ್ಲಿ ನಿಂತು ನೋಡಿದರೂ ಒಂದೆರಡು ಹಾದುಹೋಗುತ್ತವೆ. ಇಲ್ಲಿ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವು ವ್ಯಾಗನ್ ಆರ್, ಐ10, ಎಟಿಯೋಸ್ ಲಿವಾ, ಬ್ರಿಯೋ ಯಾವುದಕ್ಕಾದರೂ ಹೊಂದುತ್ತವೆ.

ಮೊದಲು ಯಾವ ಗಾಡಿ ಎಂದು ತೀರ್ಮಾನಿಸಿ

ಹತ್ತು ವರ್ಷ ದಾಟಿದ ಕಾರಿಗೆ ಎಂಜಿನ್ ಎಷ್ಟು ಮುಖ್ಯವೋ ಬಿಡಿಭಾಗ ಸಿಗುವುದೂ ಅಷ್ಟೇ ಮುಖ್ಯ. ಸ್ವಿಫ್ಟ್‌ನ 1197 ಸಿಸಿ ಕೆ-ಸೀರೀಸ್ ಪೆಟ್ರೋಲ್ ಎಂಜಿನ್ ಡಿಜೈರ್, ರಿಟ್ಜ್, ಬಲೆನೊಗಳಲ್ಲೂ ಓಡಿದ ಎಂಜಿನ್ ಕುಟುಂಬದ್ದು. ಹಾಗಾಗಿ ಸೆನ್ಸರ್‌ನಿಂದ ಹಿಡಿದು ಮೌಂಟಿಂಗ್‌ವರೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಷ್ಟೇ ಅಲ್ಲ, ಜಿಲ್ಲಾ ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ವಾಲ್ವ್‌ಗಳನ್ನು ತಾಳಕ್ಕೆ ಸರಿಯಾಗಿ ಓಡಿಸಲು ಇದಕ್ಕೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಬೆಲ್ಟಿನಂತೆ ಇಷ್ಟು ಕಿ.ಮೀ.ಗೆ ಬದಲಾಯಿಸಲೇಬೇಕೆಂಬ ಖರ್ಚು ಇಲ್ಲ. ಆದರೆ ಆಯಿಲ್ ಕೊಳೆತರೆ ಚೈನ್ ಸಡಿಲಾಗುತ್ತದೆ, ಅದನ್ನು ಬಿಗಿಹಿಡಿಯುವ ಟೆನ್ಷನರ್ ಸೋಲುತ್ತದೆ.

ಅಗ್ಗಕ್ಕೆ ಸಿಗುತ್ತದೆಂದು ಕಂಪನಿ ಬಾಗಿಲು ಹಾಕಿದ ಗಾಡಿಗಳತ್ತ ಕಣ್ಣು ಹೋಗುವುದು ಸಹಜ. ಷೆವ್ರೊಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಫೋರ್ಡ್ ಫಿಗೊ ಓಡಿಸಲು ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನು ಏಳೆಂಟು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ, ಹೆಡ್‌ಲೈಟ್ ಒಡೆದಾಗ, ಎಲೆಕ್ಟ್ರಾನಿಕ್ ಮಾಡ್ಯೂಲ್ ಕೈಕೊಟ್ಟಾಗ ಎಲ್ಲಿಂದ ತರುತ್ತೀರಿ ಎಂದು ನಿಮ್ಮ ಮೆಕ್ಯಾನಿಕ್‌ನನ್ನು ಮೊದಲೇ ಕೇಳಿ. ಅವನು ನಕ್ಕರೆ ಬಿಟ್ಟುಬಿಡಿ.

ಡೀಸೆಲ್ ಬೇಕೇ? ಸ್ವಿಫ್ಟ್ ಡೀಸೆಲಿನ 1248 ಸಿಸಿ ಎಂಜಿನ್ ಮೂಲತಃ ಫಿಯೆಟ್‌ನದು, ಗಟ್ಟಿಮುಟ್ಟಾದದ್ದು. ಮಾರುತಿ 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಡೀಸೆಲನ್ನೇ ಕೈಬಿಟ್ಟಿತು. ಆದರೂ ಈ ಎಂಜಿನ್ ಇಂಡಿಕಾ ವಿಸ್ಟಾ, ಎರ್ಟಿಗಾ, ಪುಂಟೊ ಹೀಗೆ ಎಷ್ಟೋ ಗಾಡಿಗಳಲ್ಲಿ ಇದ್ದುದರಿಂದ ಸಾಮಾನಿಗೆ ಬರವಿಲ್ಲ. ಬರ ಬರುವುದು ನಿಮ್ಮ ಜೇಬಿಗೆ. ಟರ್ಬೊ, ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನಿಗೆ ಮರಳಿಸುವ ವಾಲ್ವ್) ಮೂರರಲ್ಲಿ ಒಂದು ಕೈಕೊಟ್ಟರೂ ಒಂದು ವರ್ಷದ ಡೀಸೆಲ್ ಉಳಿತಾಯ ಅಲ್ಲೇ ಮುಗಿಯಿತು. ವರ್ಷಕ್ಕೆ 15,000 ಕಿ.ಮೀ. ಓಡಿಸದವರು ಹತ್ತು ವರ್ಷದ ಡೀಸೆಲ್ ಕಾರಿನ ಗೊಡವೆಗೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ದೆಹಲಿ ಕಡೆಯಿಂದ ಕಡಿಮೆ ಬೆಲೆಗೆ ಬರುವ ಡೀಸೆಲ್ ಗಾಡಿಗಳ ಮೇಲಂತೂ ಆಸೆಪಡಬೇಡಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ಇದ್ದ ನಿರ್ಬಂಧದಿಂದಲೇ ಅವು ಅಗ್ಗವಾಗಿದ್ದು. ಇಲ್ಲಿಗೆ ತಂದು ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್, ಹೊಸ ನಂಬರು ಎಂದೆಲ್ಲ ಮಾಡಿಸುವಷ್ಟರಲ್ಲಿ ಆ ಅಗ್ಗ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಇನ್ನೊಂದು ಮಾತು. ಈ ತಲೆಮಾರಿನ ಸ್ವಿಫ್ಟ್‌ನ ಕೆಳಗಿನ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ (ಗಟ್ಟಿ ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿಗಳು ಬೇಕಾದಷ್ಟಿವೆ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್ ಅನ್ನು ಗುದ್ದಿಸಿ ನೋಡಿ, ದೊಡ್ಡವರ ರಕ್ಷಣೆಗೆ ಸೊನ್ನೆ ಸ್ಟಾರ್ ಕೊಟ್ಟಿತ್ತು. ಹೈವೇಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರು ಅವೆರಡೂ ಇರುವ ವೇರಿಯಂಟ್ ಸಿಗುವವರೆಗೆ ಕಾಯಿರಿ. ಆಮೇಲೆ ಹಾಕಿಸಿಕೊಳ್ಳುವ ವಸ್ತುಗಳಲ್ಲ ಅವು.

ಗಾಡಿ ನೋಡುವ ಮೊದಲು ಕಾಗದ ನೋಡಿ

ಆರ್‌ಸಿ ಫೋಟೊ ಮತ್ತು ಚಾಲ್ತಿ ಇನ್ಶೂರೆನ್ಸ್ ಕಾಪಿ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಇಂಧನ, ಎಷ್ಟನೇ ಮಾಲೀಕರು, ಲೋನ್ ಇದೆಯೇ, ಇನ್ಶೂರೆನ್ಸ್ ಎಲ್ಲಿಯವರೆಗೆ ಎಂಬುದು ಕಾಣುತ್ತದೆ. ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದು ಇ-ಚಲನ್‌ನಲ್ಲಿ ನೋಡಿ. ಬೆಂಗಳೂರಿನ ಗಾಡಿಯಾದರೆ ಸಿಗ್ನಲ್ ಜಂಪಿನ ಹಳೆಯ ದಂಡಗಳೇ ಐದಾರು ಸಾವಿರ ಇದ್ದರೂ ಆಶ್ಚರ್ಯವಿಲ್ಲ.

ಇನ್ಶೂರೆನ್ಸ್ ಕಾಪಿಯಲ್ಲಿ ಹೆಚ್ಚಿನವರು ನೋಡದ ಒಂದು ಸಾಲಿದೆ: ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದು ವರ್ಷಕ್ಕೆ 50. ಎಂಟು ವರ್ಷದ ಗಾಡಿಯ ಪಾಲಿಸಿಯಲ್ಲಿ ಶೇ 50 ಇದ್ದರೆ ಇನ್ಶೂರೆನ್ಸ್‌ಗೆ ಹೋಗುವಂಥ ದೊಡ್ಡ ಹೊಡೆತ ಈಚೆಗೆ ಬಿದ್ದಿಲ್ಲ ಎಂದು ತಕ್ಕಮಟ್ಟಿಗೆ ನಂಬಬಹುದು. ಸೊನ್ನೆ ಇದ್ದರೆ ಕೇಳಿ. ಪಾಲಿಸಿ ಕಟ್ಟಲು ಮರೆತು ಮೂರು ತಿಂಗಳು ದಾಟಿದರೂ ಬೋನಸ್ ಹೋಗುತ್ತದೆ; ಗಾಡಿ ಗುದ್ದಿಸಿ ಕ್ಲೇಮ್ ತೆಗೆದುಕೊಂಡರೂ ಹೋಗುತ್ತದೆ. ಯಾವುದೆಂದು ಅವರ ಬಾಯಿಂದಲೇ ಬರಲಿ. ಅಂದಹಾಗೆ ಈ ಬೋನಸ್ ಮಾರಿದವರ ಜೊತೆ ಹೋಗುತ್ತದೆ, ಗಾಡಿಯ ಜೊತೆ ನಿಮಗೆ ಬರುವುದಿಲ್ಲ. "ಸಾರ್, ಫಿಫ್ಟಿ ಪರ್ಸೆಂಟ್ ಎನ್‌ಸಿಬಿ ಇದೆ, ನಿಮಗೆ ಇನ್ಶೂರೆನ್ಸ್ ಚೀಪ್ ಆಗುತ್ತೆ" ಎನ್ನುವ ಬ್ರೋಕರ್ ಮಾತಿಗೆ ಬೆಲೆ ಕೊಡಬೇಡಿ.

ಸರ್ವಿಸ್ ದಾಖಲೆ ಎರಡು ಬಗೆ. ಶೋರೂಮ್ ಸರ್ವಿಸ್ ಆದ ಗಾಡಿಗಳದ್ದು ನೋಂದಣಿ ಸಂಖ್ಯೆ ಕೊಟ್ಟರೆ ಅವರ ಕಂಪ್ಯೂಟರ್‌ನಲ್ಲಿ ಸಿಗುತ್ತದೆ. ಮಾಲೀಕರನ್ನೇ ಕರೆದುಕೊಂಡು ಹೋದರೆ ತೆಗೆದುಕೊಡುವುದು ಸುಲಭ. ಪ್ರತಿ ಭೇಟಿಯ ದಿನಾಂಕ ಮತ್ತು ಆ ದಿನದ ಕಿ.ಮೀ. ಅದರಲ್ಲಿ ಇರುತ್ತದೆ. ಆ ಎರಡು ಕಾಲಂಗಳನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ. 2016ರಲ್ಲಿ 22,000, 2017ರಲ್ಲಿ 34,000, 2018ರಲ್ಲಿ 47,000, ಆಮೇಲೆ ಏನೂ ಇಲ್ಲ. ಈಗ ಮೀಟರ್ 58,000 ತೋರಿಸುತ್ತಿದೆ. ವರ್ಷಕ್ಕೆ ಹನ್ನೆರಡು ಸಾವಿರ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಸುಮ್ಮನೆ ಕೂತಿತೇ? ಕೋವಿಡ್‌ನಲ್ಲಿ ಒಂದೆರಡು ವರ್ಷ ಹಾಗೆ ಆಗಿರಬಹುದು. ಉಳಿದ ವರ್ಷಗಳಿಗೆ ಲೆಕ್ಕ ಬೇಕು. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ್ದರೆ ತಪ್ಪೇನಿಲ್ಲ, ಆದರೆ ಬಿಲ್, ಚೀಟಿ, ಕೊನೆಗೆ ಯುಪಿಐ ಪಾವತಿಯ ದಾಖಲೆಯಾದರೂ ಇರಬೇಕು. "ನಮ್ಮ ಮೆಕ್ಯಾನಿಕ್ ತುಂಬಾ ಚೆನ್ನಾಗಿ ನೋಡ್ಕೋತಾನೆ" ಎಂಬುದು ದಾಖಲೆಯಲ್ಲ.

ಹೋಂಡಾ ನೋಡುತ್ತಿದ್ದರೆ ಒಂದು ಹೆಚ್ಚಿನ ಕೆಲಸವಿದೆ. ತಕಾಟ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರ್ ಬದಲಾಯಿಸಲು ಜಾಝ್, ಸಿಟಿಯಂಥ ಹಳೆಯ ಗಾಡಿಗಳನ್ನು ಹಿಂದಕ್ಕೆ ಕರೆಸಲಾಗಿತ್ತು. ಚಾಸಿಸ್ ನಂಬರ್ ಕೊಟ್ಟು ಆ ಕೆಲಸ ಆಗಿದೆಯೇ ಎಂದು ಶೋರೂಮ್‌ನಲ್ಲಿ ಖಚಿತಪಡಿಸಿಕೊಳ್ಳಿ. ಬದಲಾವಣೆ ಉಚಿತ.

ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ

"ನಾಳೆ ಬೆಳಗ್ಗೆ ಏಳಕ್ಕೆ ಬರ್ತೀನಿ, ಅಲ್ಲೀವರೆಗೂ ಸ್ಟಾರ್ಟ್ ಮಾಡ್ಬೇಡಿ" ಎಂದು ಮೊದಲೇ ಹೇಳಿಡಿ. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಯಾವುದೋ ಸದ್ದನ್ನೋ ಹೊಗೆಯನ್ನೋ ಮುಚ್ಚಲು ಮೊದಲೇ ಓಡಿಸಿದ್ದಾರೆ. ಇನ್ನೊಂದು ದಿನ ಬರುತ್ತೇನೆಂದು ವಾಪಸ್ ಹೊರಡಿ.

ಸ್ಟಾರ್ಟ್ ಮಾಡುವ ಮೊದಲು ಕೂಲಂಟ್. ಈ ಎಂಜಿನಿನ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ. ಒಮ್ಮೆ ಚೆನ್ನಾಗಿ ಕಾದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ಬಹುಪಾಲು ಕಾರಣ ಬೋರ್‌ವೆಲ್ ನೀರು. ಕೂಲಂಟ್ ಕಡಿಮೆಯಾದಾಗ ಬಾಟಲಿ ಕೊಳ್ಳದೆ ನಲ್ಲಿಯ ಗಡಸು ನೀರು ತುಂಬಿಸುತ್ತ ಹೋದರೆ ರೇಡಿಯೇಟರ್ ಕೊಳವೆಗಳೊಳಗೆ ಬಿಳಿ ಸುಣ್ಣ ಕಟ್ಟುತ್ತದೆ; ನೀರು ಕಾಯಿಸುವ ಪಾತ್ರೆಯ ತಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಒಳಗಿರುವುದು ಹಸಿರೋ ನೀಲಿಯೋ ತಿಳಿಯಾಗಿದ್ದರೆ ಸರಿ. ಚಹದ ಬಣ್ಣವಿದ್ದರೆ ತುಕ್ಕು. ಮುಚ್ಚಳದ ಒಳಬದಿಯಲ್ಲಿ ಬೆರಳಾಡಿಸಿ: ಮರಳಿನಂಥ ಬಿಳಿ ಪುಡಿ ಸಿಕ್ಕರೆ ಸುಣ್ಣ, ಜಿಡ್ಡು ಸಿಕ್ಕರೆ ಆಯಿಲ್ ಕೂಲಂಟಿಗೆ ಸೇರುತ್ತಿದೆ. ಜಿಡ್ಡು ಕಂಡಲ್ಲಿಗೆ ಆ ಗಾಡಿಯ ಕಥೆ ಮುಗಿಯಿತು. ಏನೂ ಬಣ್ಣವಿಲ್ಲದ ಬರಿ ನೀರಿದ್ದರೆ ಇನ್ನೂ ಅನುಮಾನ ಪಡಿ. ಸೋರಿಕೆ ಇದೆ, ದಿನಾ ತುಂಬಿಸುತ್ತಿದ್ದಾರೆ ಎಂದೂ ಅರ್ಥವಿರಬಹುದು.

ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ. ಆಯಿಲ್ ಕಪ್ಪಗಿರುವುದು ದೋಷವಲ್ಲ. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಒಂದೋ ಎಂಜಿನ್ ಆಯಿಲ್ ಕುಡಿಯುತ್ತಿದೆ, ಇಲ್ಲವೇ ಮಾಲೀಕರು ತಿಂಗಳುಗಟ್ಟಲೆ ಬಾನೆಟ್ ಎತ್ತಿಲ್ಲ. ಈ ಎಂಜಿನ್ ಹಿಡಿಯುವುದೇ ಮೂರು ಲೀಟರ್ ಚಿಲ್ಲರೆ. ಅದರಲ್ಲಿ ಒಂದು ಲೀಟರ್ ಕಡಿಮೆಯಾದರೆ ಉಳಿದದ್ದು ಎಷ್ಟು ಕಾದು ಓಡುತ್ತಿರಬಹುದು ನೀವೇ ಯೋಚಿಸಿ. ಆಯಿಲ್ ತುಂಬುವ ಮುಚ್ಚಳದ ಕೆಳಗೆ ಹಾಲಿನ ಕೆನೆಯಂಥದ್ದು ದಪ್ಪಗೆ ಕಂಡರೆ ಒಳಗೆ ನೀರು ಸೇರಿದೆ. ಮಳೆಗಾಲದಲ್ಲಿ ದಿನಾ ಒಂದೆರಡು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಅದು ತೆಳ್ಳಗೆ ಕಾಣುವುದುಂಟು, ಅದಕ್ಕೆ ಹೆದರಬೇಕಿಲ್ಲ. ಮುಚ್ಚಳದೊಳಗೆ ಟಾರಿನಂತೆ ಕಪ್ಪು ಗಟ್ಟಿ ಕೊಳೆ ಮೆತ್ತಿಕೊಂಡಿದ್ದರೆ ಆಯಿಲ್ ವರ್ಷಗಟ್ಟಲೆ ಬದಲಾಗಿಲ್ಲ. ಬಿಲ್ ಏನೇ ಹೇಳಲಿ, ಮುಚ್ಚಳ ಹೇಳುವುದನ್ನು ನಂಬಿ.

ಈಗ ಜೊತೆಯವರು ಸ್ಟಾರ್ಟ್ ಮಾಡಲಿ, ನೀವು ಮುಂದೆ ನಿಂತು ಕೇಳಿಸಿಕೊಳ್ಳಿ. ಶುರುವಾದ ಕ್ಷಣ ಒಂದು ಸಣ್ಣ ಕರಕರ ಬಂದು ಅಲ್ಲೇ ನಿಂತರೆ ಆಯಿಲ್ ಮೇಲೇರುವವರೆಗಿನ ಸದ್ದು. ಐದಾರು ಸೆಕೆಂಡ್ ಆದರೂ ನಿಲ್ಲದೆ ಟೈಮಿಂಗ್ ಕವರ್ ಬದಿಯಿಂದಲೇ ಬರುತ್ತಿದ್ದರೆ ಚೈನ್ ಕೆಲಸ ಕಾದಿದೆ. ಆಮೇಲೆ ಸೈಲೆನ್ಸರ್ ಹಿಂದೆ ಹೋಗಿ. ಬೆಳಗಿನ ಚಳಿಯಲ್ಲಿ ಬಿಳಿ ಆವಿ ಬಂದು ಎರಡು ಮೂರು ನಿಮಿಷಕ್ಕೆ ಮಾಯವಾದರೆ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಸುಡುತ್ತಿದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಹತ್ತು ನಿಮಿಷ ಸುಮ್ಮನೆ ಆನ್ ಇಟ್ಟು ಒಮ್ಮೆ ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ನೀಲಿ ಮೋಡ ಎದ್ದರೆ ವಾಲ್ವ್ ಸೀಲು; ಎಳೆತ ಕೊಟ್ಟು ಓಡಿಸುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗು. ಸೀಲಿನ ಕೆಲಸ ತಡೆದುಕೊಳ್ಳಬಹುದು. ರಿಂಗ್ ಎಂದರೆ ಎಂಜಿನ್ ಇಳಿಸಬೇಕು.

ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆರೆದು ಬಾಯಿಯ ಮೇಲೆ ಅಂಗೈ ಹಿಡಿಯಿರಿ. ಉಸಿರಿನಷ್ಟು ಗಾಳಿ ಬಂದರೆ ಪರವಾಗಿಲ್ಲ. ಹೊಗೆಯ ಜೊತೆ ಫುಸ್ ಫುಸ್ ಎಂದು ತಳ್ಳುತ್ತಿದ್ದರೆ ರಿಂಗ್ ಸವೆದಿದೆ ಎಂಬ ಅನುಮಾನ ಗಟ್ಟಿಯಾಯಿತು.

ಹದಿನೈದು ಇಪ್ಪತ್ತು ನಿಮಿಷ ಎಸಿ ಹಾಕಿ ನಿಂತಲ್ಲೇ ಓಡಲಿ. ರೇಡಿಯೇಟರ್ ಫ್ಯಾನ್ ತಿರುಗಬೇಕು, ಎಸಿ ತಣ್ಣಗೇ ಇರಬೇಕು. ಗಾಡಿ ನಿಂತಾಗ ಎಸಿ ಬಿಸಿಯಾಗಿ ಓಡುವಾಗ ತಣ್ಣಗಾದರೆ ಫ್ಯಾನ್ ಅಥವಾ ಕಂಡೆನ್ಸರ್. "ಗ್ಯಾಸ್ ತುಂಬಿಸಿದ್ರೆ ಸರಿಹೋಗುತ್ತೆ" ಎಂದರೆ ಆ ಗ್ಯಾಸ್ ಎಲ್ಲಿಗೆ ಹೋಯಿತು ಎಂದು ಕೇಳಿ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ತೂತಾಗಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕು. ಬಿಚ್ಚಿ ಕೂರಿಸಿದ ಡ್ಯಾಶ್‌ಬೋರ್ಡ್ ಆಮೇಲೆ ಹಳ್ಳಗುಂಡಿಗಳಲ್ಲಿ ಕಿರಿಕಿರಿ ಮಾಡದೆ ಇದ್ದದ್ದು ಅಪರೂಪ.

ಬಾಡಿ: ಬಣ್ಣಕ್ಕಿಂತ ಬೋಲ್ಟ್ ನೋಡಿ

ಬಂಪರ್ ಬಣ್ಣ ಹಾಕಿಸಿರುವುದು ನಮ್ಮ ಊರುಗಳ ಟ್ರಾಫಿಕ್ಕಿನಲ್ಲಿ ದೊಡ್ಡ ವಿಷಯವಲ್ಲ. ಒಂದು ಬಾಗಿಲಿಗೆ ಟಿಂಕರಿಂಗ್ ಆಗಿದ್ದರೂ ಬೆಲೆ ಇಳಿಸಿ ಕೇಳಬಹುದು, ಅಷ್ಟೆ. ಗಾಡಿಯನ್ನೇ ಬಿಡಬೇಕಾದದ್ದು ಎಲುಬಿಗೆ ಪೆಟ್ಟು ಬಿದ್ದಾಗ.

ಬಾನೆಟ್ ಎತ್ತಿ ಮಡ್‌ಗಾರ್ಡ್ ಮತ್ತು ಬಾನೆಟ್ ಕೀಲುಗಳ ಬೋಲ್ಟ್ ತಲೆಗಳನ್ನು ಟಾರ್ಚ್ ಹಾಕಿ ನೋಡಿ. ಸ್ಪ್ಯಾನರ್ ತಿರುಗಿದ್ದರೆ ಮೂಲೆಗಳಲ್ಲಿ ಬಣ್ಣ ಕಿತ್ತಿರುತ್ತದೆ. ರೇಡಿಯೇಟರ್ ಕೂರುವ ಅಡ್ಡಪಟ್ಟಿ, ಅದರ ಎರಡೂ ಬದಿಯ ಏಪ್ರನ್ (ಮಡ್‌ಗಾರ್ಡ್ ಒಳಗಿನ ತಗಡು) ನೋಡಿ. ಕಂಪನಿಯ ಸ್ಪಾಟ್ ವೆಲ್ಡ್ ಒಂದೇ ಅಂತರದಲ್ಲಿ, ಸಣ್ಣ ದುಂಡು ಗುಳಿಗಳಂತೆ ಇರುತ್ತದೆ. ಅಂಕುಡೊಂಕು ವೆಲ್ಡಿಂಗ್, ಮೇಲೆ ಉಜ್ಜಿ ಬಣ್ಣ ಬಳಿದ ಗುರುತು ಕಂಡರೆ ಮುಂಭಾಗ ಒಳಗೆ ಹೋಗಿ ಎಳೆಸಿಕೊಂಡು ಬಂದಿದೆ. ಬಾಗಿಲುಗಳ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು ಪಿಲ್ಲರ್ ವೆಲ್ಡಿಂಗನ್ನೂ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ತಳವನ್ನೂ ಹೀಗೇ ನೋಡಿ. ಎಲ್ಲ ಗಾಜುಗಳ ಮೂಲೆಯಲ್ಲಿ ತಯಾರಕರ ಗುರುತು ಮತ್ತು ವರ್ಷದ ಸಂಕೇತ ಇರುತ್ತದೆ. ಐದು ಗಾಜು ಒಂದು ಕಾಲದ್ದು, ಒಂದು ಮಾತ್ರ ಬೇರೆಯದಾದರೆ ಆ ಬದಿಗೆ ಏನಾಗಿತ್ತೆಂದು ಕೇಳಿ.

ಪೇಂಟ್ ದಪ್ಪ ಅಳೆಯುವ ಗೇಜ್ ಸಿಕ್ಕರೆ ಕೆಲಸ ಬೇಗ. ಕಂಪನಿ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಒಳಗಿರುತ್ತದೆ. 250 ಎಂದರೆ ಮತ್ತೆ ಬಣ್ಣ ಹಾಕಿದ್ದು, 500 ದಾಟಿದರೆ ಒಳಗೆ ಪುಟ್ಟಿ.

ಕೆಎ-19, ಕೆಎ-20, ಕೆಎ-30, ಕೆಎ-47, ಅಂದರೆ ಮಂಗಳೂರು, ಉಡುಪಿ, ಕಾರವಾರ, ಹೊನ್ನಾವರದ ಗಾಡಿಗಳನ್ನು ಲಿಫ್ಟ್‌ಗೆ ಏರಿಸದೆ ಕೊಳ್ಳಬೇಡಿ. ಉಪ್ಪುಗಾಳಿಗೆ ಮೊದಲು ತುತ್ತಾಗುವುದು ಕಣ್ಣಿಗೆ ಬೀಳದ ಜಾಗಗಳು: ಬಾಗಿಲ ಕೆಳಗಿನ ಸಿಲ್, ಹಿಂದಿನ ಆಕ್ಸಲ್ ಬೀಮ್, ಸೈಲೆನ್ಸರ್ ಪೈಪು, ಬ್ರೇಕ್ ಪೈಪು. ಮಲೆನಾಡಿನ ಗಾಡಿಗಳೂ ಇದೇ ಜಾತಿಗೆ ಸೇರಿದವು, ಉಪ್ಪಿನ ಬದಲು ಕೆಸರು. ಕೆಳಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿ ಮಾರಾಟಕ್ಕಿಟ್ಟಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ.

ನೆರೆಗೆ ಸಿಕ್ಕ ಗಾಡಿಗಳು ತೊಳೆಸಿಕೊಂಡು ಬೇರೆ ಊರಿಗೆ ಹೋಗುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಸುತ್ತಮುತ್ತ ಎಷ್ಟು ಕಾರುಗಳು ಮುಳುಗಿದ್ದವೆಂದು ಎಲ್ಲರೂ ನೋಡಿದ್ದೇವೆ. ಪರೀಕ್ಷೆ ಸರಳ: ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆದು ನೋಡಿ, ಅದರ ಬುಡದಲ್ಲಿ ನೀರು ನಿಂತ ಗೆರೆಯನ್ನು ಯಾರೂ ತೊಳೆದಿರುವುದಿಲ್ಲ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಒಣಗಿದ ಕೆಸರು, ಮುಗ್ಗಲು ವಾಸನೆ ಮುಚ್ಚಲು ಸುರಿದ ಸೆಂಟು, ಇಷ್ಟರಲ್ಲಿ ಒಂದು ಕಂಡರೂ ಬಿಡಿ. ಎಂಜಿನ್ ಸರಿಮಾಡಬಹುದು. ವೈರಿಂಗ್ ಮಾತ್ರ ಎರಡು ವರ್ಷ ಬಿಟ್ಟೂ ಕಾಡುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ: 2319 ಎಂದರೆ 2019ರ 23ನೇ ವಾರ. ಇದು ಟೈರಿನ ವಯಸ್ಸಷ್ಟೇ ಅಲ್ಲ, ಮೀಟರಿನ ಸಾಕ್ಷಿಯೂ ಹೌದು. 2015ರ ಗಾಡಿ 42,000 ಕಿ.ಮೀ. ತೋರಿಸುತ್ತಿದ್ದು, 2019ರ ಟೈರು ಸವೆದು ನುಣ್ಣಗಾಗಿದೆ ಎನ್ನಿ. ಕಂಪನಿಯ ಟೈರು ಒಂದು ಸೆಟ್ ಮುಗಿದು, ಎರಡನೆಯದೂ ಮುಗಿಯುತ್ತಿದೆ ಎಂದಾಯಿತು. ಒಂದು ಸೆಟ್ ಸಾಧಾರಣವಾಗಿ ನಲವತ್ತು ಸಾವಿರ ಬರುತ್ತದೆ. ಲೆಕ್ಕ ಕೂಡಿಸಿ ನೋಡಿ, ಆಮೇಲೆ ಕ್ಲಚ್ ಪೆಡಲ್ ರಬ್ಬರ್, ಸ್ಟೀರಿಂಗ್ ಹಿಡಿಯುವ ಜಾಗ, ಡ್ರೈವರ್ ಸೀಟಿನ ಹೊರ ಅಂಚು ಇವುಗಳ ಸವೆತದ ಜೊತೆ ಹೋಲಿಸಿ.

ಓಡಿಸುವಾಗ ಕಿವಿ ತೆರೆದಿರಲಿ

ಸ್ಟೀರಿಯೊ ಆಫ್, ಕಿಟಕಿ ಇಳಿಸಿ. ಹಂಪ್ ಇರುವ ಗಲ್ಲಿಯಲ್ಲಿ ನಿಧಾನ, ಆಮೇಲೆ ಖಾಲಿ ರಸ್ತೆಯಲ್ಲಿ 80ರವರೆಗೆ.

ಹಂಪ್ ಮೇಲೆ ಟಕ್ ಟಕ್ ಎಂದರೆ ಲಿಂಕ್ ರಾಡ್ ಅಥವಾ ಲೋಯರ್ ಆರ್ಮ್ ಬುಷ್. ಸ್ವಿಫ್ಟ್‌ನಲ್ಲಿ ಇದು ಮಾಮೂಲು, ಖರ್ಚೂ ಹೆಚ್ಚಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತುವಾಗ ಕಟಕಟ ಬಂದರೆ ಡ್ರೈವ್ ಶಾಫ್ಟ್ ಜಾಯಿಂಟ್. ವೇಗ ಹೆಚ್ಚಿದಂತೆ ಗುಂಯ್ ಎನ್ನುವುದು ಹೆಚ್ಚಿದರೆ ವೀಲ್ ಬೇರಿಂಗ್, ಇಲ್ಲವೇ ಏರುಪೇರಾಗಿ ಸವೆದ ಟೈರ್. ಮೂರನೇ ಗೇರಿನಲ್ಲಿ 30ರ ಆಸುಪಾಸು ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ: ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಗೇರ್ ಕರ್ ಎಂದರೆ ಸಿಂಕ್ರೊನೈಸರ್ ಸವೆದಿದೆ, ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ. ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಒಂದು ಬದಿಗೆ ಎಳೆಯಬಾರದು.

ಕೀ ಹಾಕಿದಾಗ ಏರ್‌ಬ್ಯಾಗ್ ಮತ್ತು ಚೆಕ್ ಎಂಜಿನ್ ದೀಪಗಳು ಹತ್ತಿ ಆರಬೇಕು. ಹತ್ತದೇ ಇದ್ದರೆ ಬಲ್ಬ್ ಕಿತ್ತಿದ್ದಾರೆಯೇ ಎಂದು ಶಂಕಿಸಿ.

ಮೆಕ್ಯಾನಿಕ್ ಮತ್ತು ಸ್ಕ್ಯಾನರ್

ಇಷ್ಟರಲ್ಲಿ ಪಾಸಾದ ಗಾಡಿಯನ್ನು ಮಾತ್ರ ನಿಮ್ಮ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಅವನಿಗೆ ಕೊಡುವ ಸಾವಿರ, ಸಾವಿರದೈನೂರು ಈ ವ್ಯವಹಾರದಲ್ಲೇ ಅತಿ ಅಗ್ಗದ ಖರ್ಚು. ಮಾರುವವರೇ ಕರೆತಂದ ಮೆಕ್ಯಾನಿಕ್ ಎಷ್ಟೇ ಒಳ್ಳೆಯವನಿರಲಿ, ಬೇಡ.

ಕಾರಿನ ಕಂಪ್ಯೂಟರ್ ಗುರುತಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಇಲ್ಲ ಎಂದಾಕ್ಷಣ ಸಮಾಧಾನ ಪಡಬೇಡಿ. ಕೋಡ್ ಅಳಿಸುವುದು ಅರ್ಧ ನಿಮಿಷದ ಕೆಲಸ. ಮಾನಿಟರ್‌ಗಳು (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪಟ್ಟಿ) ರೆಡಿ ಎಂದು ತೋರಿಸುತ್ತಿವೆಯೇ ನೋಡಿ; ಈಚೆಗೆ ಅಳಿಸಿದ್ದರೆ ಅವು ನಾಟ್ ರೆಡಿ ಎನ್ನುತ್ತವೆ. ಬಹಳ ಗಾಡಿಗಳು ಕೋಡ್ ಅಳಿಸಿದ ಮೇಲೆ ಓಡಿದ ದೂರವನ್ನೂ ತೋರಿಸುತ್ತವೆ. ಅದು ಹನ್ನೆರಡು ಕಿ.ಮೀ. ಎಂದಿದ್ದರೆ ನಿಮಗಾಗಿಯೇ ಅಳಿಸಿದ್ದಾರೆ.

ಜೊತೆಗೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ನಾಲ್ಕು ಸಿಲಿಂಡರ್‌ಗಳ ಒತ್ತಡ ಒಂದಕ್ಕೊಂದು ಹತ್ತಿರವಿರಬೇಕು, ಒಂದು ಮಾತ್ರ ಶೇ 10ಕ್ಕಿಂತ ಹೆಚ್ಚು ಕುಸಿದಿದ್ದರೆ ಕಾರಣ ಸಿಗುವವರೆಗೆ ಅಡ್ವಾನ್ಸ್ ಕೊಡಬೇಡಿ. ಬ್ಯಾಟರಿ ಟರ್ಮಿನಲ್‌ನಲ್ಲಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು, ಆನ್ ಇದ್ದಾಗ 13.5ರಿಂದ 14.5 ಒಳಗಿದ್ದರೆ ಆಲ್ಟರ್ನೇಟರ್ ಸರಿಯಾಗಿದೆ.

ಸಿಎನ್‌ಜಿ ಕಿಟ್ ಇದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ ಕಡ್ಡಾಯ, ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ.

ಬೆಲೆ ಮಾತಾಡುವ ಮೊದಲು ಎರಡು ವರ್ಷದ ಖರ್ಚು ಬರೆಯಿರಿ

ಒಂದು ಹಾಳೆಯಲ್ಲಿ, ಈ ಗಾಡಿ ಮುಂದಿನ ಎರಡು ವರ್ಷದಲ್ಲಿ ಏನೇನು ಕೇಳಲಿದೆ ಎಂದು ಬರೆಯಿರಿ. ಕಡಿಮೆ ವೇರಿಯಂಟ್‌ನ 165/80 ಆರ್14 ಟೈರ್ ನಾಲ್ಕಕ್ಕೆ ಹದಿನಾರರಿಂದ ಇಪ್ಪತ್ತು ಸಾವಿರ. ಬ್ಯಾಟರಿ ನಾಲ್ಕೈದು ಸಾವಿರ. ಹೊರಗಿನ ಗ್ಯಾರೇಜಿನಲ್ಲಿ ಕ್ಲಚ್ ಸೆಟ್ ಕೂಲಿ ಸೇರಿ ಏಳೆಂಟು ಸಾವಿರ. ಸಸ್ಪೆನ್ಷನ್ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಎಲ್ಲ ಸೇರಿ ಸುಮಾರು ಅಷ್ಟೇ. ಊರಿಂದ ಊರಿಗೆ, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ವ್ಯತ್ಯಾಸವಿದೆ, ನಿಮ್ಮ ಮೆಕ್ಯಾನಿಕ್ ಹೇಳುವ ದರವನ್ನೇ ಹಾಕಿ. ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಪಾಲು ಎಂಜಿನ್ ಗಾತ್ರದ ಮೇಲೆ ನಿಂತಿದೆ: 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ ಸಾವಿರ ಸಿಸಿ ಒಳಗಿನವಕ್ಕೆ 2,094 ರೂಪಾಯಿ, ಸ್ವಿಫ್ಟ್‌ನಂಥ ಸಾವಿರದಿಂದ ಸಾವಿರದೈನೂರು ಸಿಸಿಯವಕ್ಕೆ 3,416, ಮೇಲೆ ಜಿಎಸ್‌ಟಿ.

ಮೂರೂವರೆ ಲಕ್ಷ ಹೇಳುತ್ತಿರುವ ಗಾಡಿಗೆ ಈ ಹಾಳೆಯ ಮೊತ್ತ ಮೂವತ್ತೈದು ಸಾವಿರ ಆದರೆ ಗಾಬರಿಯಾಗಬೇಡಿ. ಹತ್ತು ವರ್ಷದ ಗಾಡಿಗೆ ಅದು ಮಾಮೂಲು. ಹಾಳೆಯನ್ನು ಮಾರುವವರ ಮುಂದೆ ಇಟ್ಟು ಸಾಲುಸಾಲಾಗಿ ಮಾತಾಡಿ. "ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸಾರ್" ಎಂಬ ಬೇಡಿಕೆಗಿಂತ "ಟೈರು 2017ರದ್ದು, ನಾಲ್ಕೂ ಬದಲಾಯಿಸ್ಬೇಕು, ಅದರಲ್ಲಿ ಅರ್ಧ ನೀವು ಬಿಡಿ" ಎಂಬ ಮಾತಿಗೆ ಬೆಲೆ ಇಳಿಯುತ್ತದೆ. ಎಂಜಿನ್, ಗೇರ್‌ಬಾಕ್ಸ್, ಬಾಡಿಯ ಎಲುಬು, ವೈರಿಂಗ್ ಈ ನಾಲ್ಕರ ದೋಷವನ್ನು ಮಾತ್ರ ಈ ಹಾಳೆಗೆ ಸೇರಿಸಬೇಡಿ. ಎಷ್ಟೇ ಬೆಲೆ ಇಳಿಸಿದರೂ ಅಂಥ ಗಾಡಿ ಬೇಡ.

15 ವರ್ಷ ಹತ್ತಿರವಾದ ಗಾಡಿಯಾದರೆ ಇನ್ನೊಂದು ಸಾಲು ಸೇರಿಸಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರುಗಳ ಮರುನೋಂದಣಿ ಶುಲ್ಕವೇ 5,000 ರೂಪಾಯಿ. 2011ರ ಸ್ವಿಫ್ಟ್‌ಗಳ ಸರದಿ 2026ರಲ್ಲಿ.

ಹೆಸರು ಬದಲಾಗುವವರೆಗೆ ಗಾಡಿ ನಿಮ್ಮದಲ್ಲ

ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ, ಲೋನ್ ಇದ್ದದ್ದಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ಬೇರೆ ರಾಜ್ಯದ್ದಾದರೆ ಫಾರಂ 28. ಸಾಲ ತೀರಿದೆ ಎಂದರೆ ಸಾಲದು, ಆರ್‌ಸಿಯಿಂದ ಎಚ್‌ಪಿ (ಸಾಲದ ನಮೂದು) ಕ್ಯಾನ್ಸಲ್ ಆಗಿರಬೇಕು. ವರ್ಗಾವಣೆ ಮುಗಿಯುವವರೆಗೆ ಹತ್ತಿಪ್ಪತ್ತು ಸಾವಿರ ಹಿಡಿದಿಟ್ಟುಕೊಳ್ಳಿ, ಹಾಗೆಂದು ಒಪ್ಪಂದದಲ್ಲಿ ಬರೆಸಿ. ಇನ್ಶೂರೆನ್ಸ್ ಅನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಫಾಸ್ಟ್ಯಾಗ್ ತೆಗೆಸಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ನೋಡಿ.

ಮನೆಗೆ ಬಂದ ಮೇಲೆ

ಹಿಂದಿನವರು ಏನೇ ಹೇಳಿರಲಿ, ಮೊದಲ ವಾರದಲ್ಲೇ ಎಲ್ಲ ದ್ರವಗಳನ್ನೂ ಬದಲಾಯಿಸಿ: ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಕೂಲಂಟ್, ಬ್ರೇಕ್ ಫ್ಲೂಯಿಡ್, ಗೇರ್ ಆಯಿಲ್. ಗೇರ್ ಆಯಿಲ್ ಹತ್ತು ವರ್ಷವಾದರೂ ಯಾರೂ ಮುಟ್ಟದ ಗಾಡಿಗಳೇ ಹೆಚ್ಚು. ಹೊಸದು ಹಾಕಿದ ಮರುದಿನ ಗೇರ್ ಬೀಳುವ ರೀತಿಯೇ ಬದಲಾಗಿರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನಾಲ್ಕರ ಬಣ್ಣವನ್ನೂ ನೋಡಿ, ಏರ್ ಫಿಲ್ಟರ್, ಎಸಿ ಫಿಲ್ಟರ್ ಹೊಸದು ಹಾಕಿ. ಕೂಲಂಟ್ ಬದಲಾಯಿಸುವಾಗ ಡಿಸ್ಟಿಲ್ಡ್ ವಾಟರ್‌ನಿಂದ ಫ್ಲಶ್ ಮಾಡಿಸಿ, ಗ್ಯಾರೇಜಿನ ನಲ್ಲಿ ಪೈಪ್ ಇಡಲು ಬಿಡಬೇಡಿ. ಹತ್ತಿರ ನಿಂತು ಮಾಡಿಸಿ.

ಆಮೇಲಿನ ದಿನಚರಿ: ಆಯಿಲ್ 10,000 ಕಿ.ಮೀ.ಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದು. ಬೆಂಗಳೂರಿನ ನಿಂತುನಿಂತು ಹೋಗುವ ಟ್ರಾಫಿಕ್ಕಿನಲ್ಲೇ ಓಡುವ ಗಾಡಿಗೆ ನಾನಾದರೆ 7,500ಕ್ಕೇ ಮಾಡಿಸುತ್ತೇನೆ. ಮೀಟರಿಗೆ ಕಾಣದ ಗಂಟೆಗಳು ಎಂಜಿನ್ ಮೇಲೆ ಬಿದ್ದಿರುತ್ತವೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ. ಟೈರ್ ಗಾಳಿ ತಿಂಗಳಿಗೆ ಎರಡು ಸಲ, ಡಿಪ್‌ಸ್ಟಿಕ್ ತಿಂಗಳಿಗೊಮ್ಮೆ.

ಪೆಟ್ರೋಲ್ ಬಗ್ಗೆ ಒಂದು ಎಚ್ಚರಿಕೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು, 2011–18ರ ಸ್ವಿಫ್ಟ್ ಅದಕ್ಕೆಂದು ತಯಾರಾದದ್ದಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅದಕ್ಕಿಂತ ಗಮನ ಕೊಡಬೇಕಾದದ್ದು ರಬ್ಬರ್ ಭಾಗಗಳಿಗೆ. ಸರ್ವಿಸ್‌ಗೆ ಹೋದಾಗಲೆಲ್ಲ ಫ್ಯೂಯಲ್ ಹೋಸ್‌ಗಳನ್ನು ಬೆರಳಲ್ಲಿ ಒತ್ತಿ ನೋಡಲು ಹೇಳಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಇಲ್ಲವೇ ಉಬ್ಬಿ ಮೆತ್ತಗಾಗಿದ್ದರೆ ಅಂದೇ ಬದಲಾಯಿಸಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರೆಬರೆ ಬಿಡಬೇಡಿ, ಎಥೆನಾಲ್ ತೇವ ಎಳೆದುಕೊಳ್ಳುತ್ತದೆ.

ಗ್ಲೋವ್ ಬಾಕ್ಸ್‌ನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟು ತಾರೀಕು, ಕಿ.ಮೀ., ಮಾಡಿಸಿದ ಕೆಲಸ, ಕೊಟ್ಟ ದುಡ್ಡು ಬರೆಯುತ್ತ ಹೋಗಿ, ಬಿಲ್ಲುಗಳನ್ನು ಅದರಲ್ಲೇ ಸಿಕ್ಕಿಸಿ. ಯಾವುದಾದರೂ ಒಂದು ವರ್ಷ ರಿಪೇರಿಗೆ ಹೋದ ದುಡ್ಡು ಗಾಡಿಯ ಆಗಿನ ಬೆಲೆಯ ಮೂರನೇ ಒಂದು ಭಾಗ ದಾಟಿ, ಅದೂ ಟೈರು ಬ್ಯಾಟರಿಯಂಥ ಸವೆಯುವ ವಸ್ತುಗಳಿಗಲ್ಲದೆ ಎಂಜಿನ್, ಗೇರ್‌ಬಾಕ್ಸ್, ಎಸಿಗೆ ಹೋಗಿದ್ದರೆ, ಮುಂದಿನ ಎಫ್‌ಸಿಗೆ ಮೊದಲು ಗಾಡಿ ಕೊಟ್ಟುಬಿಡಿ. ಕೊಳ್ಳಲು ಬಂದವರು ಬಿಲ್ ಕೇಳಿದರೆ ಆ ಪುಸ್ತಕವನ್ನೇ ಅವರ ಕೈಗೆ ಕೊಡಿ.